ಎದೆಯೇನೋ ಇದೆ, ಪಕ್ಕೆಲುಬು ಎಲ್ಲಿ?

ನಮ್ಮಣ್ಣನ ಮಗನಿಗೆ ಸೂಪರ್‌ಹೀರೋಗಳನ್ನು ಬರೆಯುವ ಹುಚ್ಚು. ಹೋದ ವಾರ ಅವನ ಪುಸ್ತಕ ತಿರುವಿ ಹಾಕುತ್ತಿದ್ದೆ. ಒಬ್ಬ ಹೀರೋನ ಹೊಟ್ಟೆ ಮೇಲೆ ಎರಡು ಸಾಲಾಗಿ ಹನ್ನೆರಡು ಗಂಟು! "ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಲ್ವಾ ಚಿಕ್ಕಪ್ಪಾ?" ಅಂದ.

ನಾನು ಫಿಸಿಯೋಥೆರಪಿಸ್ಟ್, ದಿನವಿಡೀ ಜನರ ಬೆನ್ನು, ಭುಜ ಮುಟ್ಟಿ ನೋಡುವುದೇ ಕೆಲಸ. ಹಾಗಾಗಿ ಕೂರಿಸಿಕೊಂಡು ಹೇಳಿದೆ. ಹೊಟ್ಟೆಯ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ನಾಯು ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಮೂರು ಕಡೆ ಅಡ್ಡಪಟ್ಟಿ. ಆ ಪಟ್ಟಿಗಳ ನಡುವೆ ಉಬ್ಬಿ ಕಾಣುವುದೇ ಸಿಕ್ಸ್ ಪ್ಯಾಕ್. ಕೆಲವರಿಗೆ ಎಂಟು. ಆ ಲೆಕ್ಕ ಹುಟ್ಟುತ್ತಲೇ ಬಂದಿರುತ್ತದೆ, ಎಷ್ಟು ಕಸರತ್ತು ಮಾಡಿದರೂ ಒಂದು ಗಂಟು ಹೆಚ್ಚಾಗುವುದಿಲ್ಲ.

ಈ ತಪ್ಪು ಅವನೊಬ್ಬನದಲ್ಲ. 1996ರಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ರಾಬ್ ಲೀಫೆಲ್ಡ್ ಬರೆದ ಕ್ಯಾಪ್ಟನ್ ಅಮೆರಿಕಾ ಅನ್ನೋ ಸೂಪರ್‌ಹೀರೋನ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ. ಪಕ್ಕಕ್ಕೆ ತಿರುಗಿ ನಿಂತಿದ್ದಾನೆ, ಎದೆ ಮಾತ್ರ ದೊಡ್ಡ ಡ್ರಮ್ಮಿನ ಹಾಗೆ ಮುಂದಕ್ಕೆ ಬಂದುಬಿಟ್ಟಿದೆ. ಎದೆಯ ಸ್ನಾಯು ಶುರುವಾಗುವುದು ಕೊರಳೆಲುಬು, ಎದೆಯೆಲುಬು ಮತ್ತು ಪಕ್ಕೆಲುಬಿನಿಂದ, ಹೋಗಿ ಅಂಟುವುದು ತೋಳಿನ ಮೂಳೆಗೆ. ಅದನ್ನು ಎಷ್ಟು ಬೆಳೆಸಿದರೂ ಪಕ್ಕೆಲುಬಿನ ಗೂಡನ್ನು ಬಿಟ್ಟು ಹೋಗುವ ಹಾಗಿಲ್ಲ. ಆ ಗೂಡು ಮುಂದಿನಿಂದ ಹಿಂದಕ್ಕೆ ಇರುವುದಕ್ಕಿಂತ ಅಡ್ಡಕ್ಕೇ ಅಗಲ. ಈ ಚಿತ್ರದಲ್ಲಿ ಅದೇ ಉಲ್ಟಾ ಆಗಿದೆ. ಆ ಎದೆಯೊಳಗೆ ಪಕ್ಕೆಲುಬು ಹೇಗಿರಬಹುದು ಅಂತ ಬರೆಯಲು ಕೂತರೆ ಪೆನ್ಸಿಲ್ ಅಲ್ಲೇ ನಿಂತುಬಿಡುತ್ತದೆ.

ಲೀಫೆಲ್ಡ್ ಸಣ್ಣ ಕಲಾವಿದ ಏನಲ್ಲ. ಡೆಡ್‌ಪೂಲ್ ಅನ್ನೋ ಹೆಸರಾಂತ ಪಾತ್ರ ಹುಟ್ಟಿದ್ದರಲ್ಲಿ ಅವರ ಕೈ ಇದೆ, ಅವರ ಪುಟಗಳಲ್ಲಿ ಒಂದು ಆವೇಶ ಇದೆ, ಅದು ನನಗೂ ಇಷ್ಟ. ಉತ್ಪ್ರೇಕ್ಷೆ ಬೇಡ ಅಂತಲೂ ನಾನು ಹೇಳುವುದಿಲ್ಲ. ಇದೇ ಕ್ಯಾಪ್ಟನ್ ಅಮೆರಿಕಾನನ್ನು 1941ರಲ್ಲಿ ಜೋ ಸೈಮನ್ ಜೊತೆ ಸೇರಿ ತಂದ ಜ್ಯಾಕ್ ಕರ್ಬಿ, ಆಮೇಲಾಮೇಲೆ ಬೆರಳುಗಳನ್ನು ಇಟ್ಟಿಗೆ ಥರ ಚೌಕವಾಗಿ ಬರೆಯುತ್ತಿದ್ದರು, ಸ್ನಾಯುಗಳೂ ಅಂಗರಚನೆಯ ಪುಸ್ತಕದಲ್ಲಿರುವ ಹಾಗೆ ಇರುತ್ತಿರಲಿಲ್ಲ. ಆದರೆ ಅವರ ಹೀರೋ ಗುದ್ದಿದರೆ ಆ ಬಲ ಕಾಲಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಬಂದದ್ದು ಕಾಣುತ್ತದೆ. ಒಳಗೆ ಒಂದು ಅಸ್ಥಿಪಂಜರ ಇದೆ ಅಂತ ನಂಬಿಕೆ ಬರುತ್ತದೆ. ನನಗೆ ಬೇಕಾದದ್ದು ಅಷ್ಟೇ.

ನನಗೆ ನಿಜಕ್ಕೂ ಬೇಜಾರಾಗುವುದು ಹೆಣ್ಣು ಪಾತ್ರಗಳನ್ನು ನೋಡಿದಾಗ. ಎದೆ, ಪೃಷ್ಠ ಎರಡೂ ಒಟ್ಟಿಗೆ ನಮ್ಮ ಕಡೆಗೇ ಕಾಣಬೇಕು ಅಂತ ಸೊಂಟವನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿರುತ್ತಾರೆ. ಬೆನ್ನೆಲುಬಿನಲ್ಲಿ ಸೊಂಟದ ಭಾಗದಲ್ಲಿರುವ ಐದು ಮೂಳೆಗಳ ಕೀಲುಗಳು ಹಿಂದೆ ಮುಂದೆ ಬಾಗುವುದಕ್ಕೆ ಇರುವಂಥವು, ತಿರುಗುವುದು ತೀರಾ ಕಡಿಮೆ. ತಿರುಗುವ ಕೆಲಸ ಹೆಚ್ಚಾಗಿ ಮೇಲಿನ, ಪಕ್ಕೆಲುಬು ಅಂಟಿಕೊಂಡಿರುವ ಹನ್ನೆರಡು ಮೂಳೆಗಳದ್ದು. 2012ರಲ್ಲಿ ಕೆಲವರು ಅವೇ ಭಂಗಿಗಳಲ್ಲಿ ಹಾಕ್‌ಐ ಅನ್ನೋ ಗಂಡು ಹೀರೋನನ್ನು ಬರೆದು ಹಾಕತೊಡಗಿದರು. ಅವನನ್ನು ಹಾಗೆ ನೋಡಿದ ಕೂಡಲೇ ಇದು ಸಾಧ್ಯವೇ ಇಲ್ಲ ಅಂತ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಯವರೆಗೆ ಎಷ್ಟೋ ಜನರಿಗೆ ಅದು ಕಂಡೇ ಇರಲಿಲ್ಲ.

ಹುಡುಗನನ್ನು ಕುರ್ಚಿ ಮೇಲೆ ಕೂರಿಸಿ, ಸೊಂಟ ಅಲ್ಲಾಡಿಸದೆ ಹಿಂದಕ್ಕೆ ತಿರುಗು ಅಂದೆ. ಭುಜ ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ ಪುಸ್ತಕ ಎತ್ತಿಕೊಂಡು, ಹೊಟ್ಟೆಯ ಗಂಟುಗಳನ್ನು ಬಿಟ್ಟು, ಮೊದಲು ಬೆನ್ನಿನ ಗೆರೆ ಅಳಿಸತೊಡಗಿದ.