ಹಾಕಿನ್ಸ್ ಮೈದಾನದ 80ನೇ ನಂಬರ್

ಹಳೆಯ ವಿದ್ಯಾರ್ಥಿಗಳ ನೆನಪು ಅಂದರೆ ಕ್ಯಾಂಟೀನು, ಹಾಸ್ಟೆಲ್ ವಾರ್ಡನ್, ಲ್ಯಾಬ್ ವೈವಾ ಬಂದೇ ಬರುತ್ತವೆ. ಈ ಸಂಚಿಕೆಯಲ್ಲಿ ಅದನ್ನೆಲ್ಲ ನನ್ನ ಬ್ಯಾಚಿನ ಬೇರೆಯವರು ಬರೆಯುತ್ತಾರೆ ಬಿಡಿ. ಇಲ್ಲಿ ಬಿ.ಇ. ಮುಗಿಸಿ ನಾನು ಎಂ.ಎಸ್. ಮಾಡಲು ಹೋದದ್ದು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ. ಹಾಗಾಗಿ ನಾನು ಎರಡು ಕಡೆಯ ಹಳೆಯ ವಿದ್ಯಾರ್ಥಿ. ಆ ಇನ್ನೊಂದು ಕಡೆ ನನ್ನ ಕಾಲದಲ್ಲೇ ಓದುತ್ತಿದ್ದ ಒಬ್ಬ ಹುಡುಗನ ಬಗ್ಗೆ ಬರೆಯುತ್ತೇನೆ. ಅವನಿಗೆ ನನ್ನ ಪರಿಚಯವಿಲ್ಲ. ನನಗೂ ಅವನು ಗೊತ್ತಿರುವುದು ಗ್ಯಾಲರಿಯಿಂದ ನೋಡಿದಷ್ಟೇ.

ಹೆಸರು ಕುಮಾರ್ ರಾಕರ್.

ಆ ಹೆಸರು ಕೇಳಿಯೇ ನಮ್ಮ ಕಡೆಯ ಹುಡುಗರೆಲ್ಲ ಕಿವಿ ನಿಮಿರಿಸಿದ್ದು. ತಾಯಿ ಲಲಿತಾ ಭಾರತ ಮೂಲದವರು. ತಂದೆ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲಿನಲ್ಲಿ ದೊಡ್ಡ ಹೆಸರು. ಆಬರ್ನ್ ವಿಶ್ವವಿದ್ಯಾಲಯದ ಪರ ಆಡುತ್ತಿದ್ದಾಗ 1988ರಲ್ಲಿ ಕಾಲೇಜು ಫುಟ್‌ಬಾಲಿನ ಔಟ್‌ಲ್ಯಾಂಡ್ ಮತ್ತು ಲೊಂಬಾರ್ಡಿ ಎರಡೂ ಪ್ರಶಸ್ತಿ ಗೆದ್ದವರು. ಮಗ 6 ಅಡಿ 5 ಇಂಚಿನ ಆಳು. ಅಪ್ಪನ ಮೈಕಟ್ಟು ಹಾಗೇ ಇಳಿದು ಬಂದಿತ್ತು, ಹಿಡಿದದ್ದು ಮಾತ್ರ ಬೇಸ್‌ಬಾಲ್.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಮ್ಮ ಬೌಲರ್ ಜಾಗದಲ್ಲಿ ಅಲ್ಲಿ ಪಿಚರ್. ರನ್‌ಅಪ್ ಇಲ್ಲ. ಸಣ್ಣ ದಿಬ್ಬದ ಮೇಲೆ ನಿಂತು 60 ಅಡಿ 6 ಇಂಚು ದೂರಕ್ಕೆ ಎಸೆಯಬೇಕು, ಚೆಂಡು ನೆಲಕ್ಕೆ ಬೀಳುವ ಹಾಗಿಲ್ಲ. ಬ್ಯಾಟ್ಸ್‌ಮನ್ ಬೀಸಿ ತಪ್ಪಿದರೆ, ಇಲ್ಲವೇ ಸರಿಯಾದ ಎಸೆತವನ್ನು ಬೀಸದೆ ಬಿಟ್ಟರೆ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್, ಅದೇ ಸ್ಟ್ರೈಕ್‌ಔಟ್. 9 ಇನಿಂಗ್ಸ್, ಒಂದೊಂದು ತಂಡಕ್ಕೆ 27 ಔಟ್. ಕಾಲೇಜು ಪಂದ್ಯಗಳಲ್ಲಿ ಲೋಹದ ಬ್ಯಾಟು. ಹಾಗಾಗಿ ಹೊಡೆತ ಬಿದ್ದಾಗಲೆಲ್ಲ ಟಣ್ ಅಂತ ಸದ್ದು.

ಕ್ಯಾಂಪಸ್ ಒಳಗೇ ಇರುವ ಹಾಕಿನ್ಸ್ ಮೈದಾನ ಅಷ್ಟೇನೂ ದೊಡ್ಡದಲ್ಲ. ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯ ಜೊತೆ ಮೂರು ಪಂದ್ಯ ನಡೆಯುತ್ತವೆ. ಗ್ಯಾಲರಿಯಲ್ಲಿ ಖಾಯಂ ಸಿಳ್ಳೆಗಾರರಿದ್ದಾರೆ. ಅವರ ಸಿಳ್ಳೆ ಟಿವಿಯಲ್ಲೂ ಕೇಳಿಸುತ್ತದೆ. ಎದುರಾಳಿ ಊರಿನವರಿಗೆ ಅದು ದೊಡ್ಡ ತಲೆನೋವು. ಕೋಚ್ ಟಿಮ್ ಕಾರ್ಬಿನ್ 2003ರಿಂದ ಅಲ್ಲೇ ಇದ್ದಾರೆ. 2014ರಲ್ಲಿ ಒಮ್ಮೆ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ ಅದು.

ಇಂಥ ಹುಡುಗ ಕಾಲೇಜಿಗೆ ಯಾಕೆ ಬಂದ ಅನ್ನೋದೇ ಒಂದು ಕಥೆ. ಅಲ್ಲಿ ಹೈಸ್ಕೂಲ್ ಮುಗಿಸಿದವರನ್ನೂ ಮೇಜರ್ ಲೀಗ್, ಅಂದರೆ ಅಲ್ಲಿನ ಅತಿ ಮೇಲಿನ ವೃತ್ತಿಪರ ಲೀಗಿನ ತಂಡಗಳು ಡ್ರಾಫ್ಟ್ ಮೂಲಕ, ಅಂದರೆ ಸರದಿಯಂತೆ ಸುತ್ತು ಸುತ್ತಾಗಿ ಹೆಸರು ಕರೆದು ಆರಿಸಿಕೊಳ್ಳಬಹುದು. ಆದರೆ ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರನೇ ವರ್ಷ ಮುಗಿಯುವವರೆಗೆ, ಇಲ್ಲವೇ 21 ವಯಸ್ಸಾಗುವವರೆಗೆ ಯಾರೂ ಮುಟ್ಟುವಂತಿಲ್ಲ. 2018ರಲ್ಲಿ ಕುಮಾರ್‌ನನ್ನು ಕೊಲರಾಡೊ ರಾಕೀಸ್ 38ನೇ ಸುತ್ತಿನಲ್ಲಿ ಆರಿಸಿತು. ಅವನ ಆಟ ಅಷ್ಟು ಕೊನೆಯ ಸುತ್ತಿನ ಮಟ್ಟದ್ದು ಅಂತಲ್ಲ. ಹುಡುಗ ವ್ಯಾಂಡರ್‌ಬಿಲ್ಟ್‌ಗೇ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು, ಸುಮ್ನೆ ಹೆಸರು ಹಾಕಿಟ್ಟರು.

ಮೊದಲ ವರ್ಷವೇ, 2019ರ ಜೂನ್ 8ರಂದು, ಆ ಪಂದ್ಯ ನಡೆಯಿತು. ಸೂಪರ್ ರೀಜನಲ್ ಅಂದರೆ ರಾಷ್ಟ್ರೀಯ ಫೈನಲ್ಸ್ ನಡೆಯುವ ಒಮಾಹಾಗೆ ಹೋಗುವ ಮುಂಚಿನ ಕೊನೆಯ ಮೆಟ್ಟಿಲು. ಮೂರರಲ್ಲಿ ಎರಡು ಗೆಲ್ಲಬೇಕು. ಹಿಂದಿನ ದಿನ ನಮ್ಮದೇ ಮೈದಾನದಲ್ಲಿ ಡ್ಯೂಕ್ ತಂಡ ನಮ್ಮನ್ನು 18-5ರಿಂದ ಚಚ್ಚಿ ಹಾಕಿತ್ತು. ಸೋತರೆ ಸೀಸನ್ ಮುಗಿದಂತೆ. ಟಿಕೆಟ್ ಸಿಗದೆ ನಾವು ಅಪಾರ್ಟ್‌ಮೆಂಟಿನ ಟಿವಿ ಮುಂದೆ ಕೂತಿದ್ದೆವು. ಹತ್ತೊಂಬತ್ತರ ಹುಡುಗನನ್ನು ದಿಬ್ಬಕ್ಕೆ ಕಳಿಸಿದ್ದರು.

ಅವನ ಸ್ಲೈಡರ್ ನೋಡಬೇಕು ನೀವು. ಬ್ಯಾಟಿನ ಮಟ್ಟಕ್ಕೆ ನೇರ ಬರುವ ಹಾಗೆ ಕಾಣುತ್ತದೆ. ಬ್ಯಾಟ್ಸ್‌ಮನ್ ಬೀಸಲು ಶುರು ಮಾಡಿದ ಮೇಲೆ ಚೆಂಡು ಕೆಳಗೆ, ಪಕ್ಕಕ್ಕೆ ಜಾರಿಬಿಡುತ್ತದೆ. ಐದನೇ ಇನಿಂಗ್ಸ್ ಆಗುವಷ್ಟರಲ್ಲಿ ನಮ್ಮ ರೂಮಿನಲ್ಲಿ ಯಾರೂ ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಮೂಢನಂಬಿಕೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? 131 ಎಸೆತ, 19 ಸ್ಟ್ರೈಕ್‌ಔಟ್. ಡ್ಯೂಕ್‌ಗೆ ಒಂದೇ ಒಂದು ಹಿಟ್, ಅಂದರೆ ಹೊಡೆದು ಬೇಸ್ ಮುಟ್ಟುವ ಹೊಡೆತ, ಸಿಗಲಿಲ್ಲ. ಸೂಪರ್ ರೀಜನಲ್ ಇತಿಹಾಸದಲ್ಲೇ ಅದು ಮೊದಲ ನೋ-ಹಿಟರ್. ಮರುದಿನ ತಂಡ ಗೆದ್ದಿತು, ಒಮಾಹಾಗೆ ಹೋಯಿತು, ಫೈನಲ್ ಸರಣಿಯಲ್ಲಿ ಮಿಷಿಗನ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು.

ಆ ಬೇಸಿಗೆಯಲ್ಲಿ ಕ್ಯಾಂಪಸ್ಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಇನ್ನೆರಡು ವರ್ಷ, ಆಮೇಲೆ ನೇರ ಮೇಜರ್ ಲೀಗ್.

2020ರ ಸೀಸನ್ ಮಾರ್ಚ್‌ನಲ್ಲೇ ಕೊರೊನಾದಿಂದ ನಿಂತುಹೋಯಿತು. ನನ್ನ ಕೋರ್ಸ್ ಕೂಡ ಲ್ಯಾಪ್‌ಟಾಪ್ ಪರದೆಯಲ್ಲೇ ಮುಗಿಯಿತು, ಆ ಬಗ್ಗೆ ಹೇಳುವಂಥದ್ದೇನಿಲ್ಲ. 2021ರಲ್ಲಿ ಕುಮಾರ್ ಜೊತೆ ಇನ್ನೊಬ್ಬ ಪಿಚರ್ ಬೆಳಗಿದ, ಜ್ಯಾಕ್ ಲೈಟರ್. ಮೇಜರ್ ಲೀಗಿನ ಹಳೆಯ ಪಿಚರ್ ಆಲ್ ಲೈಟರ್ ಅವರ ಮಗ. ಆ ವರ್ಷ ಇಬ್ಬರೂ ತಲಾ 179 ಸ್ಟ್ರೈಕ್‌ಔಟ್ ಮಾಡಿದರು. ದೇಶದ ಕಾಲೇಜುಗಳಲ್ಲೆಲ್ಲ ಅದಕ್ಕಿಂತ ಜಾಸ್ತಿ ಯಾರದ್ದೂ ಇರಲಿಲ್ಲ. ತಂಡ ಮತ್ತೆ ಫೈನಲ್ ಸರಣಿಗೆ ಹೋಯಿತು. ಕೊನೆಯ ಪಂದ್ಯ ಶುರು ಮಾಡಿದ್ದು ಕುಮಾರ್. ಮಿಸಿಸಿಪಿ ಸ್ಟೇಟ್ 9-0ರಿಂದ ಗೆದ್ದಿತು. ಅವನ ಕೊನೆಯ ಕಾಲೇಜು ಪಂದ್ಯ ಅದು.

ಹತ್ತು ದಿನ ಕಳೆದು ಸ್ವಲ್ಪದರಲ್ಲೇ ಡ್ರಾಫ್ಟ್. ಲೈಟರ್‌ನನ್ನು ಟೆಕ್ಸಸ್ ರೇಂಜರ್ಸ್ 2ನೆಯವನಾಗಿ ಕರೆದುಕೊಂಡಿತು. ಕುಮಾರ್‌ನನ್ನು ನ್ಯೂಯಾರ್ಕ್ ಮೆಟ್ಸ್ 10ನೆಯವನಾಗಿ ಆರಿಸಿತು. 60 ಲಕ್ಷ ಡಾಲರ್‌ಗೆ ಮಾತೂ ಆಗಿತ್ತು. ಆಮೇಲೆ ವೈದ್ಯಕೀಯ ಪರೀಕ್ಷೆ. ಅದರಲ್ಲಿ ಕಂಡದ್ದು ಮೆಟ್ಸ್‌ಗೆ ಒಪ್ಪಿಗೆಯಾಗಲಿಲ್ಲ. ಆಗಸ್ಟ್ 1ರ ಗಡುವು ಮುಗಿದರೂ ಸಹಿ ಬೀಳಲಿಲ್ಲ.

ಈ ನಿಯಮದ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಒಂದು ತಂಡ ಆರಿಸಿದ ಮೇಲೆ ಉಳಿದ 29 ತಂಡಗಳೂ ಆ ವರ್ಷ ಅವನ ಜೊತೆ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಸಹಿಯಾಗದೇ ಹೋದದ್ದಕ್ಕೆ ತಂಡಕ್ಕೆ ಮರುವರ್ಷ ಪರಿಹಾರವಾಗಿ 11ನೇ ಆಯ್ಕೆ ಸಿಕ್ಕಿತು. ಹುಡುಗನಿಗೆ? ಒಂದು ವರ್ಷ ಕಾಯುವ ಶಿಕ್ಷೆ, ಜೊತೆಗೆ 'ಇವನ ಕೈಯಲ್ಲಿ ಏನೋ ಐಬಿದೆ' ಅನ್ನುವ ಗುಸುಗುಸು. ನಮ್ಮಲ್ಲಿ ಹೆಣ್ಣು ನೋಡಿಹೋದವರು ಆಮೇಲೆ ಬೇಡ ಅಂದರೆ ಊರು ಏನೆನ್ನುತ್ತೆ, ಹಾಗೆ.

ಅವನು ಕಾಲೇಜಿಗೆ ವಾಪಸ್ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಭುಜಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಆಯಿತು. 2022ರಲ್ಲಿ ಅವನು ಸೇರಿದ್ದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ತಂಡವನ್ನು. ಫ್ರಾಂಟಿಯರ್ ಲೀಗ್ ಅದು. ಮೇಜರ್ ಲೀಗಿನ ಏಣಿಗೇ ಸೇರದ ಸ್ವತಂತ್ರ ಲೀಗ್. ಬೇರೆ ತಂಡಗಳು ಕೈಬಿಟ್ಟವರು, ಇನ್ನೊಂದು ಅವಕಾಶಕ್ಕೆ ಕಾಯುತ್ತಿರುವವರು ಆಡುವ ಜಾಗ. ಒಮಾಹಾದಲ್ಲಿ ತುಂಬಿದ ಗ್ಯಾಲರಿ ಮುಂದೆ ಆಡಿದವನು ಅಲ್ಲಿ ಹೋಗಿ 5 ಪಂದ್ಯ ಆಡಿದ. 20 ಇನಿಂಗ್ಸ್, 32 ಸ್ಟ್ರೈಕ್‌ಔಟ್, 9 ಇನಿಂಗ್ಸಿಗೆ 1.35 ರನ್ ಸರಾಸರಿ. ಅಂದರೆ ಅಷ್ಟೂ ಇನಿಂಗ್ಸಿನಲ್ಲಿ ಅವನ ಲೆಕ್ಕಕ್ಕೆ ಬಂದ ರನ್ ಬರೀ 3. ಎಲ್ಲರೂ 19 ಸ್ಟ್ರೈಕ್‌ಔಟಿನ ಆ ದಿನವನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ ಈ 20 ಇನಿಂಗ್ಸೇ ದೊಡ್ಡದು. ಮನೆಯಲ್ಲೇ ಕೂತು ಏಜೆಂಟ್ ಮೂಲಕ ಮಾತಾಡಿಸಬಹುದಿತ್ತು. ಮೈದಾನಕ್ಕೆ ಇಳಿದು ಕೈ ಸರಿಯಿದೆ ಅಂತ ತೋರಿಸಿದ.

ಜುಲೈನಲ್ಲಿ ರೇಂಜರ್ಸ್ ಅವನನ್ನು 3ನೆಯವನಾಗಿ ಆರಿಸಿತು. 10ರಿಂದ 3ಕ್ಕೆ! ಅಷ್ಟು ಬೇಗ ಅವನ ಹೆಸರು ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. 52 ಲಕ್ಷ ಡಾಲರ್. ಲೈಟರ್ ಅದಾಗಲೇ ಅಲ್ಲಿದ್ದ. ನಮ್ಮ ಹಳೆಯ ವಾಟ್ಸಾಪ್ ಗುಂಪು ಅವತ್ತು ರಾತ್ರಿಯಿಡೀ ಮಲಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಡ್ರಾಫ್ಟ್ ಆದ ಮೇಲೂ ಮೆಟ್ಟಿಲುಗಳಿವೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಚಿಕ್ಕ ಊರುಗಳು, ಬಸ್ ಪ್ರಯಾಣ, ಮರದ ಬ್ಯಾಟು ಹಿಡಿದ ಎದುರಾಳಿಗಳು. ಕಾಲೇಜಿನಲ್ಲಿ ವಾರಕ್ಕೊಮ್ಮೆ ಎಸೆದರೆ ಸಾಕಿತ್ತು, ಇಲ್ಲಿ ವಿಶ್ರಾಂತಿ ಅದಕ್ಕಿಂತ ಕಮ್ಮಿ. ಹಿಕರಿ ಎಂಬ ಊರಿನಲ್ಲಿ 2023ರ ಸೀಸನ್ ಚೆನ್ನಾಗಿಯೇ ಶುರುವಾಗಿತ್ತು. 6 ಪಂದ್ಯ ಆಗುವಷ್ಟರಲ್ಲಿ ಮೊಣಕೈ ಹೋಯಿತು. ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಮೊಣಕೈಯ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಾಗ, ಅದರ ಬದಲಿಗೆ ಮೈಯ ಬೇರೆ ಕಡೆಯ ಸ್ನಾಯುರಜ್ಜು ತಂದು ಅಲ್ಲಿ ಕೂರಿಸುತ್ತಾರೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಅದಕ್ಕೇ ಆ ಹೆಸರು. ವಾಸಿಯಾಗಲು ವರ್ಷವೇ ಬೇಕು.

2024ರ ಬೇಸಿಗೆಯಲ್ಲಿ ಮತ್ತೆ ಎಸೆಯಲು ಶುರು ಮಾಡಿದ. ಡಬಲ್-ಎಯ ಫ್ರಿಸ್ಕೊ, ಆಮೇಲೆ ಟ್ರಿಪಲ್-ಎಯ ರೌಂಡ್ ರಾಕ್. ಸೆಪ್ಟೆಂಬರ್ 12ರಂದು ಸಿಯಾಟಲ್‌ನಲ್ಲಿ ಮ್ಯಾರಿನರ್ಸ್ ವಿರುದ್ಧ ಮೇಜರ್ ಲೀಗಿನ ಮೊದಲ ಪಂದ್ಯ. 4 ಇನಿಂಗ್ಸ್, 1 ರನ್, 7 ಸ್ಟ್ರೈಕ್‌ಔಟ್. ಬೆನ್ನ ಮೇಲೆ ಅದೇ ಕಾಲೇಜಿನ 80ನೇ ನಂಬರ್. 'ಇನ್ನೆರಡು ವರ್ಷ' ಅಂದಿದ್ದೆವಲ್ಲ, ಐದು ದಾಟಿತ್ತು. ಅಲ್ಲಿಗೆ ಹೋದ ಮೇಲೂ ಏಳುಬೀಳು ಇದ್ದೇ ಇದೆ. 2025ರಲ್ಲಿ ಅವನನ್ನು ಕೆಳಗಿನ ತಂಡಕ್ಕೆ ಕಳಿಸಿದ್ದೂ ಉಂಟು.

ನಿಮ್ಮಲ್ಲಿ ಯಾರಾದರೂ ಓದಲು ನ್ಯಾಶ್‌ವಿಲ್ ಕಡೆ ಹೋದರೆ ಹಾಕಿನ್ಸ್ ಮೈದಾನಕ್ಕೆ ಹೋಗಿ ಬನ್ನಿ. ಕಾಲೇಜು ಸೀಸನ್ ಫೆಬ್ರವರಿ ಮಧ್ಯದಲ್ಲೇ ಶುರುವಾಗುತ್ತದೆ. ಆಗ ಅಲ್ಲಿ ಸಂಜೆ ಚಳಿ ವಿಪರೀತ. ಜಾಕೆಟ್ ಮರೆಯಬೇಡಿ. ಸಿಳ್ಳೆಗಾರರಿಂದ ಸ್ವಲ್ಪ ದೂರ ಕೂತರೆ ಇನ್ನೂ ಒಳ್ಳೆಯದು.