ಬೆಂಕಿ ಹಚ್ಚಿ ಕಾಡು ಉಳಿಸುವವರು

ಕಾಡು ಉಳಿಯಬೇಕಾದರೆ ಬೇಲಿ ಹಾಕಿ ಜನರನ್ನು ಹೊರಗಿಡಬೇಕು ಅಂತ ನಾನೂ ತುಂಬಾ ದಿನ ನಂಬಿದ್ದೆ. ಆಸ್ಟ್ರೇಲಿಯಾದ ವಾಯವ್ಯ ಭಾಗದ ಕಿಂಬರ್ಲಿ ಪ್ರದೇಶದ ಬಗ್ಗೆ ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಅಲ್ಲಿನ ಮೂಲನಿವಾಸಿ ವುನಾಂಬಲ್ ಗಾಂಬೆರಾ ಜನ ತಮ್ಮ ನೆಲ ಹೇಗಿರಬೇಕು ಅಂತ ಮೊದಲು ಯೋಜನೆ ಮಾಡಿಕೊಂಡರು. ಬುಷ್ ಹೆರಿಟೇಜ್ ಅನ್ನೋ ಪ್ರಕೃತಿ ಸಂರಕ್ಷಣಾ ಸಂಸ್ಥೆ ಜೊತೆ ಹತ್ತು ವರ್ಷದ ಒಪ್ಪಂದ ಆಗಿದ್ದು ಆಮೇಲೆ, 2011ರಲ್ಲಿ. ಅದೇ ವರ್ಷ ಕೋರ್ಟು ಅವರ ಭೂಮಿಹಕ್ಕನ್ನೂ ಒಪ್ಪಿತು. ಅಂದರೆ ಸಂಸ್ಥೆ ಬಂದಿದ್ದು ನೆಂಟನ ಹಾಗೆ, ಯಜಮಾನನ ಹಾಗಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಂಕಿಯ ಕೆಲಸ. ಮಳೆಗಾಲ ಮುಗಿದು ಹುಲ್ಲಿನ ಬುಡದಲ್ಲಿ ಇನ್ನೂ ಪಸೆ ಇರುವಾಗಲೇ ಆ ಜನರದ್ದೇ ರೇಂಜರ್‌ಗಳು ಅಲ್ಲಲ್ಲಿ ಬೆಂಕಿ ಹಚ್ಚುತ್ತಾರೆ, ಕಾಲು ಹೋಗದ ಕಡೆ ಹೆಲಿಕಾಪ್ಟರ್‌ನಿಂದ. ಉರಿ ನೆಲಕ್ಕಂಟಿಕೊಂಡೇ ಹೋಗುತ್ತದೆ, ಮರದ ನೆತ್ತಿಗೆ ಏರುವುದಿಲ್ಲ, ಎಷ್ಟೋ ಸಲ ರಾತ್ರಿಯ ತಂಪಿಗೆ ತಾನೇ ಆರುತ್ತದೆ. ಸುಟ್ಟು ಕಪ್ಪಾದ ಪಟ್ಟಿಯ ಪಕ್ಕದಲ್ಲೇ ಸುಡದ ಹುಲ್ಲು ಇರುತ್ತದೆ, ಸಣ್ಣ ಪ್ರಾಣಿಗಳಿಗೆ ಅಡಗಲು ಅಷ್ಟು ಸಾಕು. ಒಣಗಾಲದ ಕೊನೆಯಲ್ಲಿ ದೊಡ್ಡ ಕಾಳ್ಗಿಚ್ಚು ಎದ್ದರೂ ಸುಟ್ಟ ಪಟ್ಟಿಯ ಹತ್ತಿರ ಅದಕ್ಕೆ ಮೇವಿರುವುದಿಲ್ಲ.

ಎಲ್ಲಿ, ಯಾವಾಗ ಸುಡಬೇಕು ಅನ್ನೋದು ಹಿರಿಯರಿಗೆ ಗೊತ್ತು. ವಿಜ್ಞಾನಿಗಳು ಉಪಗ್ರಹದ ನಕ್ಷೆ, ಪ್ರಾಣಿಗಳ ಲೆಕ್ಕ ನೋಡಿಕೊಳ್ಳುತ್ತಾರೆ. ಈ ತಿಳಿವಳಿಕೆಯನ್ನ ಇಷ್ಟು ವರ್ಷ ಸುಮ್ನೆ ಮೂಲೆಗೆ ತಳ್ಳಿದ್ದರಲ್ಲ, ಅದೇ ಸಿಟ್ಟು ನನಗೆ.