ರೆಗ್ಯುಲೇಟರ್ ಮರೆತ ಆ ರಾತ್ರಿ, ಕ್ಯಾಂಪಿಗೆ ಸಾಮಾನು ಕಟ್ಟೋದು ಕಲಿತೆ

ನಾನು ಬೆಂಗಳೂರಲ್ಲಿ ಟೆಂಟ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಕೊಡೋ ಒಂದು ಚಿಕ್ಕ ಕಂಪನೀಲಿ ಕೆಲಸ ಮಾಡ್ತೀನಿ, ವೀಕೆಂಡ್ ಕ್ಯಾಂಪಿಗೆ ಸಾಮಾನು ಕಟ್ಟೋದು ನಂದೇ ಜವಾಬ್ದಾರಿ. ಸೇರಿದ ಹೊಸದರಲ್ಲಿ ಜೂನ್ ತಿಂಗಳು, ಸಕಲೇಶಪುರದ ಹತ್ರ ಒಂದು ಕಾಫಿ ಎಸ್ಟೇಟಿಗೆ 14 ಜನರನ್ನ ಕರ್ಕೊಂಡು ಹೋಗಿದ್ವಿ. ಲಿಸ್ಟ್ ನೋಡ್ಕೊಂಡು ಒಂದೊಂದಕ್ಕೂ ಟಿಕ್ ಹಾಕಿದ್ದೆ, ಸ್ಟೌ ಟಿಕ್, 5 ಕೆಜಿ ಸಿಲಿಂಡರ್ ಟಿಕ್, ಪಾತ್ರೆ ಟಿಕ್. ಅಲ್ಲಿ ಹೋಗಿ ಸಂಜೆ ಏಳು ಗಂಟೆಗೆ ಸಿಲಿಂಡರ್ ಇಳಿಸಿದ್ರೆ ರೆಗ್ಯುಲೇಟರೇ ಇಲ್ಲ! ಹಿಂದಿನ ಟ್ರಿಪ್ ಆದ್ಮೇಲೆ ಬಿಚ್ಚಿ ಬೇರೆ ಡಬ್ಬಿಗೆ ಹಾಕಿದ್ದೆ, ಅದು ಗೋಡೌನಲ್ಲೇ ಉಳಿದಿತ್ತು. ಹೊರಗೆ ಜಡಿಮಳೆ, ಸೌದೆ ಎಲ್ಲಾ ನೆಂದು ಹೋಗಿದೆ, ಮಕ್ಕಳು ಬೇರೆ ಇದ್ರು, ನನಗೆ ಕೈಕಾಲೇ ಆಡ್ಲಿಲ್ಲ.

ಉಳಿಸಿದ್ದು ನಮ್ಮ ಅಡುಗೆ ಅಣ್ಣ. ಬೆಳಗಿನ ತಿಂಡಿಗೆ ಅಂತ ಗಟ್ಟಿ ಅವಲಕ್ಕೀನ ಮಿಕ್ಸೀಲಿ ರವೆ ಥರ ತರಿ ಮಾಡಿ ತಂದಿದ್ರು, ಹುಣಸೆಹಣ್ಣು, ಬೆಲ್ಲ, ಸಾರಿನಪುಡಿ ಹಾಕಿ ಕುದಿಸಿದ ಗೊಜ್ಜು, ಒಗ್ಗರಣೆ ಸಮೇತ, ಒಂದು ಬಾಟಲೀಲಿ. "ಬೆಂಕಿ ಯಾಕೋ, ನೀರಿದ್ರೆ ಸಾಕು, ಅರ್ಧ ಗಂಟೆ ನೆನೀಲಿ ಬಿಡು" ಅಂದ್ರು. ಮೇಲೆ ಒಣಕೊಬ್ಬರಿ ಉದುರಿಸಿ ಕೊಟ್ವಿ, 14 ಜನಾನೂ ತಿಂದ್ರು. ಅವತ್ತು ಅಣ್ಣನ ಮೇಲೆ ಬಂದ ಗೌರವ ಇವತ್ತಿಗೂ ಹಾಗೇ ಇದೆ.

ಬೆಂಗಳೂರಿಗೆ ವಾಪಸ್ ಬಂದವನೇ ಆ ಲಿಸ್ಟ್ ಹರಿದು ಹಾಕಿದೆ. ಈಗ ನಾನು ವಸ್ತು ಲೆಕ್ಕದಲ್ಲಿ ಕಟ್ಟಲ್ಲ, ಕೆಲಸದ ಲೆಕ್ಕದಲ್ಲಿ ಕಟ್ತೀನಿ. "ಟೀ ಮಾಡೋದು" ಅಂದ್ರೆ ಒಂದು ಚೀಲ, ಅದರೊಳಗೆ ಸ್ಟೌ, ಪೈಪು, ರೆಗ್ಯುಲೇಟರ್, ಲೈಟರ್, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಬೆಂಕಿಪೊಟ್ಟಣ, ಪಾತ್ರೆ, ಸೋಸೋ ಜಾಲರಿ, ಟೀಪುಡಿ, ಸಕ್ಕರೆ, ಹಾಲಿನ ಪುಡಿ. "ಮಲಗೋದು" ಇನ್ನೊಂದು ಚೀಲ. ಗಾಡಿಗೆ ಹಾಕೋವಾಗ ಮೊದಲು ಬೇಕಾಗೋದು ಕೊನೆಗೆ ಹೋಗ್ಬೇಕು, ಅಂದ್ರೆ ಟಾರ್ಪಾಲು, ಹಗ್ಗ, ಟಾರ್ಚು ಎಲ್ಲಕ್ಕಿಂತ ಮೇಲೆ, ಯಾಕಂದ್ರೆ ಮಳೇಲಿ ಇಳಿದ ತಕ್ಷಣ ತಲೆ ಮೇಲೊಂದು ಸೂರು ಬೇಕು, ಅನ್ನದ ಪಾತ್ರೆ ಆಮೇಲೆ. ಟಾರ್ಪಾಲು ಬೆಂಗಳೂರಿನ ಎಸ್‌ಜೆಪಿ ರೋಡಲ್ಲಿ ಅಳತೆಗೆ ಸಿಗತ್ತೆ, ಟೆಂಟಿಗಿಂತ ದೊಡ್ಡದು ತಗೊಳ್ಳಿ.

ಊಟಾನೂ ಹಾಗೇ, ಅರ್ಧ ಕೆಲಸ ಮನೇಲೇ ಮುಗಿಸ್ಕೊಳ್ಳಿ. ರವೇನ ಒಗ್ಗರಣೆ ಜೊತೆ ಗರಿಗರಿ ಹುರಿದು, ಕರಿಬೇವು ಪೂರ್ತಿ ಒಣಗಿಸಿ, ಉಪ್ಪು ಸೇರಿಸಿ ಡಬ್ಬಿಗೆ ಹಾಕಿದ್ರೆ ಅಲ್ಲಿ ಒಂದು ಲೋಟಕ್ಕೆ ಮೂರು ಲೋಟ ಕುದಿಯೋ ನೀರು, ಉಪ್ಪಿಟ್ಟು ರೆಡಿ. ರಾಗಿ ಹುರಿಹಿಟ್ಟು, ಬೆಲ್ಲ, ಕಡ್ಲೇಕಾಯಿ ಚಿಕ್ಕಿ ಇವೆಲ್ಲ ಹೊರೋಕೆ ಹಗುರ, ತಿಂದ್ರೆ ಬೇಗ ಹಸಿವಾಗಲ್ಲ.

ಹೋದ ವರ್ಷ ಒಬ್ಬ ಕಸ್ಟಮರ್ ಬಂದಿದ್ರು, ಅಮೆರಿಕದಲ್ಲಿರೋ ಕಲೀಗ್ ಜೊತೆ ಜಿಂಕೆ ಬೇಟೆ ಕ್ಯಾಂಪಿಗೆ ಹೋಗ್ತೀನಿ, ಏನು ತಗೊಂಡು ಹೋಗ್ಲಿ ಅಂತ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಅದು ಹಾಗೇ ಇರ್ಬೇಕು ಅನ್ನೋದು ನನ್ನ ಮಾತು. ಅಲ್ಲಿ ಲೈಸೆನ್ಸ್ ತಗೊಂಡು ಸೀಸನ್ನಲ್ಲಿ ಹೋಗ್ತಾರೆ. ಸಾಮಾನಿನ ಬಗ್ಗೆ ಹೇಳಿದೆ: ಗ್ಯಾಸ್ ಕ್ಯಾನ್ ವಿಮಾನದಲ್ಲಿ ಬಿಡಲ್ಲ ಸರ್, ಅಲ್ಲೇ ತಗೊಳ್ಳಿ, ಅವಲಕ್ಕಿ, ರವೆ ಕೂಡ ಅಲ್ಲಿನ ಇಂಡಿಯನ್ ಸ್ಟೋರಲ್ಲೇ. ಬೇರೆ ಬೇಟೆಗಾರರಿಗೆ ನೀವು ಮನುಷ್ಯ ಅಂತ ದೂರದಿಂದ್ಲೇ ಕಾಣ್ಬೇಕು, ಅದಕ್ಕೆ ಎಷ್ಟೋ ರಾಜ್ಯಗಳಲ್ಲಿ ಕಣ್ಣಿಗೆ ಹೊಡೆಯೋ ಕೇಸರಿ ಬಣ್ಣದ ಜಾಕೆಟ್ ಕಡ್ಡಾಯ. ಕರಡಿ ಇರೋ ಕಾಡಾದ್ರೆ ಊಟದ ಚೀಲ, ಟೂತ್‌ಪೇಸ್ಟ್ ಕೂಡ, ಟೆಂಟೊಳಗೆ ಇಡಲೇಬೇಡಿ, ದೂರ ಇಡಿ, ವಾಸನೆ ಹಿಡಿದು ಬರುತ್ತೆ. ಚಳಿಗೆ ಕಾಟನ್ ಬಟ್ಟೆ ಬೇಡ, ನೆಂದ್ರೆ ಮೈ ಬಿಸಿ ಎಳ್ಕೊಳ್ಳುತ್ತೆ, ಉಲ್ಲನ್ ಹಾಕಿ. ಅವರೂ ಚೀಲಗಳನ್ನ ಕೆಲಸದ ಲೆಕ್ಕದಲ್ಲೇ ಕಟ್ಟಿದ್ರಂತೆ, ಕತ್ತಲಲ್ಲಿ ಟಾರ್ಚ್ ಹುಡುಕೋ ಪಾಡು ಬರ್ಲಿಲ್ಲ ಅಂತ ಮೆಸೇಜ್ ಹಾಕಿದ್ರು, ಓದಿ ತುಂಬಾ ಖುಷಿಯಾಯ್ತು.

ಈ ಶನಿವಾರ ಕನಕಪುರ ಕಡೆ 10 ಜನರ ಕ್ಯಾಂಪ್ ಇದೆ. ರೆಗ್ಯುಲೇಟರ್‌ನ ಈಗ ಸ್ಟೌ ಕಾಲಿಗೇ ಹಗ್ಗದಲ್ಲಿ ಕಟ್ಟಿಟ್ಟಿದ್ದೀನಿ, ಅವಲಕ್ಕಿ ತರಿ ಮತ್ತೆ ಗೊಜ್ಜಿನ ಬಾಟಲಿ ಟಾರ್ಪಾಲು ಪಕ್ಕದಲ್ಲೇ ಕೂತಿದೆ.